ಎಲೀಯನಿಗೆ ದೇವರು ಮೊದಲು ರೊಟ್ಟಿ ಕೊಟ್ಟನು

ಯುವಜನರ ಆರಾಧನೆಯ ಸಂದೇಶ
ವಾಕ್ಯಭಾಗ: 1 ಅರಸುಗಳು 19:1–18

ಹಿಂದಿನ ಸಾಲಲ್ಲಿ ಕೂತಿರೋ ಬ್ರದರ್ಸ್, ಸ್ವಲ್ಪ ಮುಂದೆ ಬನ್ನಿ, ಜಾಗ ಇದೆ.

ಇವತ್ತು ನಾನು ಮಾತಾಡಬೇಕೆಂದಿರುವ ವಿಷಯ ಲಾಕ್‌ಡೌನ್. "ಅಯ್ಯೋ ಪಾಸ್ಟರ್, ಅದು ಮುಗಿದ ಕಥೆ" ಅಂತ ಕೆಲವರು ಅಂದ್ಕೊಳ್ತಿರಬಹುದು. ಅಂಗಡಿ ಬಾಗಿಲು ತೆರೆದಿದೆ, ಆಫೀಸು ಬಾಗಿಲು ತೆರೆದಿದೆ, ನಮ್ಮ ಸಭೆಯ ಬಾಗಿಲೂ ತೆರೆದಿದೆ. ಆದರೆ ಪ್ರಿಯರೇ, ಆ ದಿನಗಳಲ್ಲಿ ಮುಚ್ಚಿಕೊಂಡ ಕೆಲವರ ಮನಸ್ಸಿನ ಬಾಗಿಲು ಇನ್ನೂ ಸರಿಯಾಗಿ ತೆರೆದಿಲ್ಲ. ಕೌನ್ಸೆಲಿಂಗ್‌ಗೆ ಬರುವ ಯೌವನಸ್ಥರ ಮಾತು ಕೇಳುವಾಗ ಇದು ನನಗೆ ಗೊತ್ತಾಗ್ತದೆ. "ಯಾವಾಗಿಂದ ಹೀಗಾಗ್ತಿದೆ?" ಅಂತ ಕೇಳಿದರೆ, "ಲಾಕ್‌ಡೌನ್ ಟೈಮಿಂದ" ಅಂತಾರೆ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರ್ತದೆ: "ಪಾಸ್ಟರ್, ನನಗೆ ನಂಬಿಕೆ ಇದ್ದಿದ್ರೆ ಹೀಗೆ ಆಗ್ತಿತ್ತಾ?"

ಆ ಪ್ರಶ್ನೆಗೆ ಇವತ್ತು ವಾಕ್ಯದಿಂದ ಉತ್ತರ ನೋಡೋಣ.

ಸ್ವಲ್ಪ ನೆನಪು ಮಾಡ್ಕೊಳ್ಳಿ. 2020ರ ಮಾರ್ಚ್ 24, ರಾತ್ರಿ ಎಂಟು ಗಂಟೆ. ಟಿವಿಯಲ್ಲಿ ಪ್ರಧಾನಿಯವರ ಮಾತು. ಆ ಮಧ್ಯರಾತ್ರಿಯಿಂದಲೇ ದೇಶಕ್ಕೆ ಬೀಗ. ಮೊದಲು 21 ದಿನ ಅಂದರು. ಆಮೇಲೆ ಮೇ 3ರವರೆಗೆ, ಆಮೇಲೆ ಮೇ 17, ಆಮೇಲೆ ಮೇ 31. ಒಟ್ಟು 68 ದಿನ. 2021ರಲ್ಲಿ ಎರಡನೇ ಅಲೆ ಬಂತು. ಏಪ್ರಿಲ್ ಕೊನೆಯಿಂದ ನಮ್ಮ ರಾಜ್ಯದಲ್ಲಿ ಮತ್ತೆ ಬಾಗಿಲು ಮುಚ್ಚಿದವು. ಆ ಸಲ ಬೀದಿ ಸುಮ್ಮನಿತ್ತು, ಆದರೆ ಆಂಬುಲೆನ್ಸ್ ಸದ್ದು ಮಾತ್ರ ನಿಲ್ಲಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಒಂದು ವರದಿ ಕೊಟ್ಟಿತು. ಕೊರೋನಾದ ಮೊದಲ ವರ್ಷದಲ್ಲೇ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇಕಡ 25ರಷ್ಟು ಹೆಚ್ಚಾಯಿತು ಅಂತ ಅದರಲ್ಲಿದೆ. ಹೆಚ್ಚು ಪೆಟ್ಟು ಬಿದ್ದದ್ದು ಯಾರಿಗೆ ಗೊತ್ತಾ? ಯುವಜನರಿಗೆ ಮತ್ತು ಹೆಂಗಸರಿಗೆ. ಅಂದ್ರೆ ಈ ಹಾಲ್‌ನಲ್ಲಿ ಕೂತಿರುವವರಿಗೆ. ಇಷ್ಟು ಜನರಿಗೆ ಒಂದೇ ವರ್ಷದಲ್ಲಿ ಒಟ್ಟಿಗೆ ನಂಬಿಕೆ ಕಡಿಮೆಯಾಯಿತು ಅಂತ ಹೇಳೋಕಾಗ್ತದಾ? ಆಗಲ್ಲ. ಅದಕ್ಕೆ ಕಾರಣಗಳಿದ್ದವು.

ಡಾಕ್ಟರುಗಳು ಅವನ್ನು ರಿಸ್ಕ್ ಫ್ಯಾಕ್ಟರ್ ಅಂತಾರೆ. ಸುಲಭವಾಗಿ ಹೇಳ್ತೀನಿ. ಅಪ್ಪನಿಗೆ ಶುಗರ್ ಇದ್ದರೆ ಮಗನಿಗೆ ಬಂದೇ ಬರ್ತದೆ ಅಂತಿಲ್ಲ. ಆದರೆ ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ಅವನು ಹುಷಾರಾಗಿರಬೇಕು. ಅದು ಶಾಪವೂ ಅಲ್ಲ, ಪಾಪವೂ ಅಲ್ಲ. ಮನಸ್ಸಿಗೂ ಹಾಗೇ. ಕೆಲವು ಪರಿಸ್ಥಿತಿಗಳು ಒಟ್ಟಿಗೆ ಬಂದರೆ ಎಂಥ ಗಟ್ಟಿ ಮನಸ್ಸೂ ಬಾಗ್ತದೆ. ಪ್ರವಾದಿಯ ಮನಸ್ಸೂ ಬಾಗಿತು.

ಬೈಬಲ್ ತೆಗೆಯಿರಿ. ಒಂದನೇ ಅರಸುಗಳು, 19ನೇ ಅಧ್ಯಾಯ.

ಹಿಂದಿನ ಅಧ್ಯಾಯದಲ್ಲಿ ಎಲೀಯ ಕರ್ಮೆಲ್ ಬೆಟ್ಟದ ಮೇಲಿದ್ದ. ಬಾಳನ ಪ್ರವಾದಿಗಳು 450 ಮಂದಿ, ಈ ಕಡೆ ಇವನೊಬ್ಬ. ಪ್ರಾರ್ಥನೆ ಮಾಡಿದ, ಆಕಾಶದಿಂದ ಬೆಂಕಿ ಬಿತ್ತು. ಮತ್ತೆ ಪ್ರಾರ್ಥನೆ ಮಾಡಿದ, ಬರಗಾಲದ ದೇಶಕ್ಕೆ ಮಳೆ ಬಂತು. ಹಲ್ಲೆಲೂಯಾ! ಇವನಿಗಿಂತ ದೊಡ್ಡ ಅಭಿಷೇಕ ಯಾರಿಗೆ ಬೇಕು? ಆದರೆ ಹಾಳೆ ತಿರುಗಿಸಿದರೆ, ಅದೇ ಎಲೀಯ ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕೂತು, ನನಗೆ ಈ ಜೀವ ಸಾಕು, ತೆಗೆದುಬಿಡು ಅಂತ ದೇವರನ್ನು ಕೇಳ್ತಿದ್ದಾನೆ.

ಇಬ್ಬರು ಎಲೀಯರು ಇದ್ರಾ? ಇಲ್ಲ. ಒಬ್ಬನೇ. ನಂಬಿಕೆಯೂ ಅದೇ, ದೇವರೂ ಅದೇ. ಹಾಗಾದರೆ ನಡುವೆ ಏನಾಯಿತು? ನಿಧಾನವಾಗಿ ಓದಿ. ಕಾರಣಗಳು ವಾಕ್ಯದಲ್ಲೇ ಇವೆ.

ಮೊದಲನೆಯದು, ಒಂದು ಮೆಸೇಜ್. ಎರಡನೇ ವಚನ ನೋಡಿ. ಈಜೆಬೆಲ್ ಒಬ್ಬ ದೂತನನ್ನು ಕಳಿಸಿ ಜೀವಬೆದರಿಕೆ ಹಾಕಿದಳು. ಬಂದದ್ದು ಸೈನ್ಯ ಅಲ್ಲ, ಸುದ್ದಿ. 450 ಮಂದಿಗೆ ಹೆದರದವನು ಒಂದು ಸುದ್ದಿಗೆ ಎದ್ದು ಓಡಿದ. ಲಾಕ್‌ಡೌನ್‌ನಲ್ಲಿ ನಮ್ಮ ಕೈಗೆ ಅಂಥ ಮೆಸೇಜು ಎಷ್ಟು ಬಂತು? ಬೆಳಿಗ್ಗೆ ಎದ್ದ ಕೂಡಲೇ ಟಿವಿಯಲ್ಲಿ ಸಾವಿನ ಸಂಖ್ಯೆ, ವಾಟ್ಸಾಪ್‌ನಲ್ಲಿ ಒಂದು ವೀಡಿಯೊ, ಯಾರೋ ಕಳಿಸಿದ ಕಷಾಯ, ಯಾರೋ ಕಳಿಸಿದ ಭವಿಷ್ಯವಾಣಿ. ಯಾವುದು ನಿಜ, ಯಾವುದು ಸುಳ್ಳು ಗೊತ್ತಿಲ್ಲ. ರೋಗದ ಭಯ ಒಂದು ಕಡೆ, ಸರಿಯಾದ ಮಾಹಿತಿ ಸಿಗದ ಭಯ ಇನ್ನೊಂದು ಕಡೆ.

ಎರಡನೆಯದು, ಒಂಟಿತನ. ಮೂರನೇ ವಚನದಲ್ಲಿ ಒಂದು ಸಣ್ಣ ಮಾತಿದೆ, ನಾವು ದಾಟಿಹೋಗ್ತೀವಿ. ಎಲೀಯ ಬೇರ್ಷೆಬಕ್ಕೆ ಬಂದು ತನ್ನ ಸೇವಕನನ್ನು ಅಲ್ಲೇ ಬಿಟ್ಟ. ಮುಂದೆ ಒಬ್ಬನೇ ಅರಣ್ಯಕ್ಕೆ ಹೋದ. ಜೊತೆಗಿದ್ದ ಒಬ್ಬನೇ ಒಬ್ಬನನ್ನೂ ಬಿಟ್ಟ ಮೇಲೆ ಸಾಯುವ ಮಾತು ಬಾಯಿಗೆ ಬಂತು. ಗಮನಿಸಿದ್ರಾ?

ಮೂರನೆಯದು, ಶರೀರದ ದಣಿವು. ಇಜ್ರೇಲಿನಿಂದ ಬೇರ್ಷೆಬಕ್ಕೆ ಸುಮಾರು 150 ಕಿಲೋಮೀಟರ್. ಬೆಂಗಳೂರಿಂದ ಮೈಸೂರಿಗೆ ಇರುವಷ್ಟು ದೂರ. ಅದರ ಮೇಲೆ ಅರಣ್ಯದಲ್ಲಿ ಇನ್ನೊಂದು ದಿನದ ದಾರಿ. ನಾವೇನು ಲಾಕ್‌ಡೌನ್‌ನಲ್ಲಿ ಅಷ್ಟು ನಡೆದ್ವಾ? ನಮ್ಮಲ್ಲಿ ಹೆಚ್ಚಿನವರು ಮನೆಯಲ್ಲೇ ಇದ್ವಿ. ನಮ್ಮ ದಣಿವು ಬೇರೆ ಥರದ್ದು. ರಾತ್ರಿ ಮೂರು ಗಂಟೆವರೆಗೆ ಮೊಬೈಲ್, ಮಧ್ಯಾಹ್ನ ಹನ್ನೆರಡಕ್ಕೆ ಏಳೋದು, ಮಂಚದ ಮೇಲೇ ಆಫೀಸು, ಮಂಚದ ಮೇಲೇ ಊಟ. ನಿದ್ದೆಯ ಲಯ ತಪ್ಪಿದರೆ ಮನಸ್ಸಿನ ಲಯವೂ ತಪ್ಪುತ್ತದೆ. ನಿಜವಾಗಿ ನಡೆದವರೂ ಇದ್ದರು. ತಲೆ ಮೇಲೆ ಮೂಟೆ, ಕಂಕುಳಲ್ಲಿ ಮಗು ಇಟ್ಟುಕೊಂಡು ತಮ್ಮ ಊರಿಗೆ ಹೊರಟ ಕೂಲಿಕಾರರನ್ನು ಮರೆಯಬೇಡಿ.

ನಾಲ್ಕನೆಯದು, ಅಳಲಾಗದ ದುಃಖ. ಎಲೀಯ ತನ್ನ ಜೊತೆ ಪ್ರವಾದಿಗಳನ್ನು ಕಳಕೊಂಡಿದ್ದ. ದೇವರು ಕೇಳಿದಾಗ ಅದನ್ನೇ ಹೇಳ್ತಾನೆ: ಅವರನ್ನೆಲ್ಲ ಕೊಂದುಬಿಟ್ಟರು, ಉಳಿದವನು ನಾನೊಬ್ಬನೇ. 2021ರ ಮೇ ತಿಂಗಳು ನೆನಪಿದೆಯಾ? ಅಪ್ಪನ ಮುಖ ನೋಡದೆ ಕಳಿಸಿಕೊಟ್ಟ ಮಕ್ಕಳಿದ್ದಾರೆ. ಸಮಾಧಿಯ ಹತ್ತಿರ ನಾಲ್ಕೇ ಜನ, ಪಿಪಿಇ ಕಿಟ್ ಹಾಕಿದವರು. ಹಾಡಿಲ್ಲ, ಮೂರನೇ ದಿನದ ಪ್ರಾರ್ಥನೆಗೆ ಮನೆ ತುಂಬ ಜನ ಇಲ್ಲ, ತಬ್ಬಿಕೊಂಡು ಅಳೋಕೆ ಹೆಗಲಿಲ್ಲ. ಆ ಅಳು ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ ಪ್ರಿಯರೇ, ಒಳಗೇ ಇದೆ.

ಈ ನಾಲ್ಕು ಎಲೀಯನಲ್ಲಿ ಕಾಣ್ತವೆ. ಇನ್ನು ಮೂರು ನಮ್ಮ ಕಾಲದವು, ಬೇಗ ಹೇಳಿಬಿಡ್ತೀನಿ.

ಒಂದು, ಹಣ ಮತ್ತು ನಾಳೆ. ಸಂಬಳ ಕಡಿತ, ಕೆಲಸ ಹೋಯಿತು, ಇಎಂಐ ನಿಲ್ಲಲಿಲ್ಲ. ಓದುವ ಮಕ್ಕಳಿಗೆ ಪರೀಕ್ಷೆ ಇದೆಯೋ ಇಲ್ಲವೋ ಗೊತ್ತಿಲ್ಲ. 2021ರಲ್ಲಿ ಸೆಕೆಂಡ್ ಪಿಯುಸಿ ಪರೀಕ್ಷೆಯೇ ರದ್ದಾಯಿತು. ಬಾಗಿಲು ಮುಚ್ಚಿದ್ದಕ್ಕಿಂತ, ಯಾವಾಗ ತೆರೀತದೆ ಅಂತ ಗೊತ್ತಿಲ್ಲದ್ದು ಮನಸ್ಸನ್ನು ಹೆಚ್ಚು ಕೊರೆಯಿತು.

ಎರಡು, ಮನೆಯೇ ಸುರಕ್ಷಿತವಲ್ಲದವರು. "ಮನೆಯಲ್ಲಿರಿ, ಸುರಕ್ಷಿತವಾಗಿರಿ" ಅಂತ ಎಲ್ಲರೂ ಹೇಳಿದರು. ಆದರೆ ಹೊಡೆಯುವ ಗಂಡ, ಕುಡಿಯುವ ತಂದೆ ಇರುವ ಮನೆಯಲ್ಲಿ? ಲಾಕ್‌ಡೌನ್ ಶುರುವಾದ ಕೆಲವೇ ವಾರಗಳಲ್ಲಿ ಮನೆಯೊಳಗಿನ ದೌರ್ಜನ್ಯದ ದೂರುಗಳು ಹೆಚ್ಚಾಗಿವೆ ಅಂತ ರಾಷ್ಟ್ರೀಯ ಮಹಿಳಾ ಆಯೋಗ ಹೇಳಿತು. ಹೊಡೆತ ಇಲ್ಲದ ಮನೆಯಲ್ಲೂ ಅಮ್ಮಂದಿರಿಗೆ ಬಿಡುವಿರಲಿಲ್ಲ. ಮೂರು ಹೊತ್ತು ಅಡಿಗೆ, ಮಕ್ಕಳ ಆನ್‌ಲೈನ್ ಕ್ಲಾಸು, ತನ್ನ ಆಫೀಸ್ ಕೆಲಸ, ಎಲ್ಲಾ ಒಂದೇ ಹಾಲ್‌ನಲ್ಲಿ.

ಮೂರು, ಕಳಂಕ. ಕೈಮೇಲೆ ಕ್ವಾರಂಟೈನ್ ಮುದ್ರೆ, ಬಾಗಿಲ ಮೇಲೆ ಪೋಸ್ಟರ್. ನೆರೆಯವರು ಕಿಟಕಿ ಮುಚ್ಚಿಕೊಂಡರು. ಕುಷ್ಠರೋಗಿ ಪಾಳೆಯದ ಹೊರಗೆ ಇರಬೇಕು ಅಂತ ಯಾಜಕಕಾಂಡದಲ್ಲಿ ಓದ್ತೀವಲ್ಲ, ಅದು ಹೇಗಿರ್ತದೆ ಅಂತ ನಮ್ಮ ಓಣಿಯಲ್ಲೇ ನೋಡಿದ್ವಿ.

ಇದೆಲ್ಲ ಪಾಸ್ಟರ್ ತಲೆಯಿಂದ ಬಂದ ಪಟ್ಟಿ ಅಂದ್ಕೋಬೇಡಿ. 2020ರ ಆರಂಭದಲ್ಲಿ 'ದಿ ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಲಂಡನ್ನಿನ ಸಂಶೋಧಕರು ಒಂದು ಲೇಖನ ಬರೆದರು. ಸಾರ್ಸ್, ಎಬೋಲಾ ಥರದ ಹಿಂದಿನ ರೋಗಗಳಲ್ಲಿ ಕ್ವಾರಂಟೈನ್ ಆದವರ ಬಗ್ಗೆ ನಡೆದಿದ್ದ 24 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಮನಸ್ಸಿಗೆ ಏಟು ಕೊಟ್ಟದ್ದು ಯಾವುದು? ದಿನಗಳು ಉದ್ದವಾದದ್ದು, ಸೋಂಕಿನ ಭಯ, ಬೇಸರ, ದಿನಸಿ ಔಷಧಿ ಸಾಲದೆ ಇದ್ದದ್ದು, ಸರಿಯಾದ ಮಾಹಿತಿ ಸಿಗದೆ ಇದ್ದದ್ದು, ಹಣದ ನಷ್ಟ, ಕಳಂಕ. ನಮ್ಮ ಬೀದಿಯಲ್ಲಿ ಕಂಡದ್ದೇ ಅಲ್ವಾ?

ಈಗ ಒಂದು ಸಾಕ್ಷಿ. ಅವನ ಒಪ್ಪಿಗೆ ಪಡೆದು, ಹೆಸರು ಹೇಳದೆ ಹೇಳ್ತೀನಿ. ಗದಗ ಕಡೆಯ ಒಬ್ಬ ಹುಡುಗ, ಇಲ್ಲಿ ಪಿಜಿಯಲ್ಲಿದ್ದ. ಎರಡನೇ ಲಾಕ್‌ಡೌನ್‌ನಲ್ಲಿ ಎಲ್ಲರೂ ಊರಿಗೆ ಹೋದರು, ಇವನೊಬ್ಬ ಮೂರನೇ ಮಹಡಿಯಲ್ಲಿ ಉಳಿದ. ಜೂಮ್ ಆರಾಧನೆಗೆ ಬರ್ತಿದ್ದ, ಆದರೆ ಕ್ಯಾಮೆರಾ ಆಫ್. ಒಂದು ರಾತ್ರಿ ನನಗೆ ಫೋನ್ ಮಾಡಿ ಹೇಳಿದ: "ಅಣ್ಣಾರ, ಪ್ರಾರ್ಥನಾ ಮಾಡಾಕ ಕುಂತ್ರ ಮಾತ ಬರವಲ್ದು. ನನ್ನ ರಕ್ಷಣಾ ಹೋಗೇತೇನ್ರಿ?"

ನಾನು ಅವನಿಗೆ ವಚನ ಓದಿ ಹೇಳಲಿಲ್ಲ. "ಊಟ ಯಾವಾಗ ಮಾಡಿದೆ ತಮ್ಮಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿನ್ನೆ ಬಿಸ್ಕೆಟ್ ತಿಂದೇನ್ರಿ" ಅಂದ. ಪಿಜಿಯ ಅಡಿಗೆಮನೆ ಮುಚ್ಚಿತ್ತು. ನಿದ್ದೆ? ಮೂರು ದಿನದಿಂದ ಇಲ್ಲ. ಕೆಲಸ? ಸಂಬಳ ಅರ್ಧ. ಊರಲ್ಲಿ ಅಜ್ಜಿ ತೀರಿಕೊಂಡಿದ್ದಳು, ಹೋಗೋಕಾಗಿರಲಿಲ್ಲ. ಯಾರ ಜೊತೆ ಮಾತಾಡಿದೆ? "ನಿಮ್ಮ ಜೋಡಿನ ಮೊದ್ಲು ರೀ."

ಎಣಿಸಿ ನೋಡಿ. ಒಂಟಿತನ, ಹಸಿವು, ನಿದ್ದೆ ಇಲ್ಲ, ಹಣ ಇಲ್ಲ, ಅಳದ ದುಃಖ. ಐದು ಕಲ್ಲು ಒಬ್ಬನ ಎದೆ ಮೇಲೆ. ಅವನು ಮಾತ್ರ ರಕ್ಷಣೆ ಹೋಯಿತು ಅಂತ ಹೆದರಿದ್ದ. ರಕ್ಷಣೆ ಹೋಗಿರಲಿಲ್ಲ ಪ್ರಿಯರೇ. ಶಕ್ತಿ ಹೋಗಿತ್ತು.

ದೇವರು ಎಲೀಯನಿಗೆ ಏನು ಮಾಡಿದನು ನೋಡಿ.

ಮೊದಲು ಮಲಗಲು ಬಿಟ್ಟನು. ಆಮೇಲೆ ಒಬ್ಬ ದೂತನು ಬಂದು ಅವನನ್ನು ಮುಟ್ಟಿದನು. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮತ್ತೆ ಮಲಗಿದ. ದೂತನು ಎರಡನೇ ಸಲ ಬಂದು ಮತ್ತೆ ಊಟ ಕೊಟ್ಟನು, ನಿನ್ನ ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂತ ಒಪ್ಪಿಕೊಂಡನು. ಬೈಗುಳ ಎಲ್ಲಿದೆ? ಹುಡುಕಿ, ಇಲ್ಲ. ಕರ್ಮೆಲ್‌ನಲ್ಲಿ ಬೆಂಕಿ ನೋಡಿದವನು ನೀನು, ನಾಚಿಕೆಯಾಗಲ್ವಾ ಅಂತ ಕೇಳಲಿಲ್ಲ.

ಬಿಡುಗಡೆಯ ಸೇವೆಯನ್ನು ನಂಬುವವರು ನಾವು. ದುರಾತ್ಮಗಳನ್ನು ಯೇಸುವಿನ ಹೆಸರಿನಲ್ಲಿ ಓಡಿಸ್ತೀವಿ, ಆಮೆನ್. ಆದರೆ ಈ ಅಧ್ಯಾಯದಲ್ಲಿ ದೇವರು ಯಾವ ಆತ್ಮವನ್ನೂ ಗದರಿಸಲಿಲ್ಲ. ರೊಟ್ಟಿ ಕೊಟ್ಟನು. ಕುಗ್ಗಿದವನನ್ನು ನೋಡಿದ ಕೂಡಲೇ "ಇದು ಖಿನ್ನತೆಯ ಆತ್ಮ" ಅಂತ ತೀರ್ಪು ಕೊಡುವವರಿಗೆ ನನ್ನದೊಂದು ವಿನಂತಿ: ಮೊದಲು ಅವನು ಊಟ ಮಾಡಿದ್ದಾನಾ ಕೇಳಿ. "ನಿನ್ನಲ್ಲಿ ನಂಬಿಕೆ ಸಾಲದು" ಅನ್ನುವ ಮಾತು ಆರನೇ ಕಲ್ಲು. ಐದು ಕಲ್ಲು ಲೋಕ ಇಟ್ಟಿತು. ಆರನೆಯದನ್ನು ಸಭೆ ಇಡಬಾರದು.

ಆಮೇಲೆ ದೇವರು ಕೇಳಿಸಿಕೊಂಡನು. ಹೋರೇಬಿನಲ್ಲಿ ಒಂದೇ ಪ್ರಶ್ನೆ ಎರಡು ಸಲ ಕೇಳಿದನು. ಎಲೀಯ ಅದೇ ಉತ್ತರ ಎರಡು ಸಲ ಹೇಳಿದ. ಮನಸ್ಸು ನೊಂದವರು ಹೇಳಿದ್ದನ್ನೇ ಹೇಳ್ತಾರೆ. ನಮಗೆ ಬೇಜಾರಾಗ್ತದೆ, "ಇದನ್ನ ಆಗಲೇ ಹೇಳಿದ್ಯಲ್ಲ" ಅಂತೀವಿ. ದೇವರಿಗೆ ಬೇಜಾರಾಗಲಿಲ್ಲ.

ಕೊನೆಗೆ ಅವನ ಒಂಟಿತನಕ್ಕೆ ಮದ್ದು ಕೊಟ್ಟನು. ನಾನೊಬ್ಬನೇ ಅಂದವನಿಗೆ, ಬಾಳನಿಗೆ ಮೊಣಕಾಲು ಬಾಗಿಸದ ಏಳು ಸಾವಿರ ಜನ ಇದ್ದಾರೆ ಅಂತ ತಿಳಿಸಿದನು. ಏಳು ಸಾವಿರ ದೂರದ ಲೆಕ್ಕ. ಪಕ್ಕದಲ್ಲಿ ನಡೆಯೋಕೆ ಒಬ್ಬ ಬೇಕಲ್ಲ? ಎಲೀಷನನ್ನು ಕೊಟ್ಟನು.

ಪೌಲನನ್ನು ನೋಡಿ. ಎರಡನೇ ತಿಮೊಥೆಯ 4ನೇ ಅಧ್ಯಾಯ. ಸೆರೆಮನೆ, ಅಂದ್ರೆ ನಿಜವಾದ ಲಾಕ್‌ಡೌನ್. ಮೂರನೇ ಪರಲೋಕ ಕಂಡವನು ಅಲ್ಲಿಂದ ಏನು ಕೇಳ್ತಾನೆ? ತಿಮೊಥೆಯನು ಬೇಗ ಬರಬೇಕು, ಚಳಿಗಾಲಕ್ಕೆ ಮುಂಚೆ ಬರಬೇಕು. ಬಿಟ್ಟುಬಂದ ಮೇಲಂಗಿ ತರಬೇಕು. ಪುಸ್ತಕಗಳನ್ನು ತರಬೇಕು. ಒಬ್ಬ ಸ್ನೇಹಿತ, ಮೈಗೆ ಬೆಚ್ಚಗೆ, ಮನಸ್ಸಿಗೆ ಓದು. "ನನಗೆ ಕರ್ತನಿದ್ದಾನೆ, ಬೇರೇನೂ ಬೇಡ" ಅಂತ ಪೌಲ ಬರೆಯಲಿಲ್ಲ. ಬೇಕಾದದ್ದನ್ನು ಕೇಳಿದ. ಕೇಳುವುದು ಅವಿಶ್ವಾಸ ಅಲ್ಲ.

ಇನ್ನೊಂದು ಮಾತು. ಅದೇ ಸೆರೆಮನೆಯಲ್ಲಿ ಪೌಲನ ಜೊತೆ ಉಳಿದದ್ದು ಯಾರು? ಲೂಕ. ಲೂಕ ಯಾರು? ವೈದ್ಯ. ಹಲ್ಲು ನೋವಾದರೆ ಡೆಂಟಿಸ್ಟ್ ಹತ್ರ ಹೋಗ್ತೀವಿ, ಪ್ರಾರ್ಥನೆಯನ್ನೂ ಮಾಡ್ತೀವಿ. ಮನಸ್ಸು ನೋವಾದರೆ ಮಾತ್ರ ಯಾಕೆ ಮುಚ್ಚಿಡಬೇಕು? ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ ಇಲ್ಲ, ಊಟ ಸೇರಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂತಾದರೆ ಡಾಕ್ಟರ ಹತ್ರ ಹೋಗಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಆ ದಿನವೇ ಯಾರಿಗಾದರೂ ಹೇಳಿ. ನಮ್ಮ ಊರಲ್ಲೇ ನಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಇರ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಫೋನ್ ತೆಗೆದು ಸೇವ್ ಮಾಡ್ಕೊಳ್ಳಿ, ನಾನು ಕಾಯ್ತೀನಿ. ನಿಮಗೆ ಬೇಡದೆ ಇರಬಹುದು, ನಿಮ್ಮ ರೂಮ್‌ಮೇಟ್‌ಗೆ ಬೇಕಾಗಬಹುದು. ಡಾಕ್ಟರ್ ಮಾತ್ರೆ ಕೊಟ್ಟಿದ್ದರೆ, "ಪ್ರಾರ್ಥನೆ ಮಾಡಿಸಿಕೊಂಡೆ" ಅಂತ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಡಾಕ್ಟರನ್ನೇ ಕೇಳಿ.

ಆ ಗದಗದ ಹುಡುಗನಿಗೆ ಏನಾಯಿತು? ಹತ್ತಿರದಲ್ಲಿದ್ದ ಒಬ್ಬ ಸಿಸ್ಟರ್ ಮರುದಿನ ಬೆಳಿಗ್ಗೆಯಿಂದ ಟಿಫಿನ್ ಬಾಕ್ಸ್ ಕಳಿಸಿದರು. ಇಬ್ಬರು ಬ್ರದರ್ಸ್ ಸರದಿ ಮೇಲೆ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರು. ಮೊದಲ ವಾರ ಉಪದೇಶ ಏನೂ ಇಲ್ಲ, ಕ್ರಿಕೆಟ್ ಮಾತಾಡಿದರು. ವೀಡಿಯೊ ಕಾಲ್‌ನಲ್ಲಿ ಡಾಕ್ಟರಿಗೆ ತೋರಿಸಿದ್ವಿ, ಕೆಲವು ತಿಂಗಳು ಮಾತ್ರೆ ತಗೊಂಡ. ಅಜ್ಜಿಗಾಗಿ ಆನ್‌ಲೈನ್‌ನಲ್ಲೇ ಒಂದು ಪ್ರಾರ್ಥನಾ ಕೂಟ ಇಟ್ವಿ. ಅವತ್ತು ಅವನು ಕ್ಯಾಮೆರಾ ಆನ್ ಮಾಡಿ ಅತ್ತ. ನಾವೂ ಅತ್ವಿ. ಒಂದೇ ರಾತ್ರಿಯಲ್ಲಿ ಸರಿಯಾಗಲಿಲ್ಲ. ಎಲೀಯನಿಗೂ ಆ ಗಿಡದ ಕೆಳಗಿನಿಂದ ಹೋರೇಬಿಗೆ ನಲವತ್ತು ದಿನ ಹಿಡಿಯಿತು. ದೇವರು ಅವಸರ ಮಾಡಲಿಲ್ಲ, ನಾವೂ ಮಾಡಬಾರದು.

ಹಾಗಾದರೆ ಈ ವಾರ ಏನು ಮಾಡೋಣ? ಮೂರೇ ಕೆಲಸ.

ಒಂದು, ನಿಮ್ಮ ಎದೆ ಮೇಲೆ ಯಾವ ಕಲ್ಲುಗಳಿವೆ, ಒಂದು ಹಾಳೆಯಲ್ಲಿ ಬರೆಯಿರಿ. ನಿದ್ದೆಯಾ, ಸಾಲವಾ, ಅಳದೆ ಉಳಿದ ಸಾವಾ, ಮನೆಯೊಳಗಿನ ಹೊಡೆತವಾ? ಹೆಸರಿಡಿ. ಹೆಸರಿಟ್ಟ ಮೇಲೆ ಪ್ರಾರ್ಥನೆಗೂ ಮಾತು ಸಿಗ್ತದೆ. ಹೊಡೆತದ ಮನೆಯಲ್ಲಿದ್ದರೆ ನಮಗೆ ಹೇಳಿ. "ಸಹಿಸಿಕೋ ಮಗಳೇ" ಅಂತ ಹೇಳುವ ಸಭೆ ಇದಲ್ಲ.

ಎರಡು, ಕ್ಯಾಮೆರಾ ಆಫ್ ಮಾಡಿಕೊಂಡಿರುವ ಒಬ್ಬರನ್ನು ಹುಡುಕಿ. ಗ್ರೂಪಿನಲ್ಲಿ ಮೊದಲು ಮಾತಾಡ್ತಿದ್ದು ಈಗ ಸುಮ್ಮನಾದವರು, ಸ್ಟೇಟಸ್ ಹಾಕೋದು ನಿಲ್ಲಿಸಿದವರು. ವಚನದ ಫೋಟೊ ಫಾರ್ವರ್ಡ್ ಮಾಡಬೇಡಿ. ಹೋಗಿ ಊಟಕ್ಕೆ ಕರೀರಿ.

ಮೂರು, ಮಲಗುವಾಗ ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ನಗಬೇಡಿ, ಇದೂ ಆತ್ಮೀಕ ವಿಷಯವೇ. ದೇವರು ಎಲೀಯನಿಗೆ ಎರಡು ಸಲ ನಿದ್ದೆ ಕೊಟ್ಟನು.

ಎದ್ದು ನಿಲ್ಲೋಣ. ಕೂತೇ ಇರಬೇಕು ಅನಿಸಿದವರು ಕೂತಿರಿ, ಪರವಾಗಿಲ್ಲ. ಎಲೀಯನೂ ಕೂತಿದ್ದ, ದೇವರೇ ಅಲ್ಲಿಗೆ ಬಂದನು.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ಈ ಮಕ್ಕಳ ಮೇಲೆ ಏನೇನು ಭಾರ ಇದೆ ಅಂತ ನಿಮಗೆ ಗೊತ್ತು. ಆ ದಿನಗಳಲ್ಲಿ ತಮ್ಮವರನ್ನು ಕಳಕೊಂಡು ಅಳಲಾಗದೆ ಇದ್ದವರಿಗೆ ಇವತ್ತು ಅಳುವ ಜಾಗ ಕೊಡಿರಿ. ನಿದ್ದೆ ಇಲ್ಲದವರಿಗೆ ನಿದ್ದೆ ಕೊಡಿರಿ. ಸಾಕು ಅಂದವರನ್ನು ಮುಟ್ಟಿರಿ ಕರ್ತನೇ. ಅವರ ಬಾಗಿಲಿಗೆ ರೊಟ್ಟಿ ತಗೊಂಡು ಹೋಗುವ ಕೈಗಳಾಗಿ ನಮ್ಮನ್ನು ಉಪಯೋಗಿಸಿರಿ. ನಮ್ಮ ಸಭೆ ಯಾರ ಎದೆ ಮೇಲೂ ಕಲ್ಲಿಡದಂತೆ ಕಾಪಾಡಿರಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.